ಅದುರುವ ಪೈಪ್‌ಲೈನ್: ಕಂಪನ ತಗ್ಗಿಸೋದಾ, ಕರೆಂಟ್ ತೆಗೆಯೋದಾ, ಎರಡೂನಾ?

ಪೈಪ್‌ಲೈನ್ ಅದುರುತ್ತಿದೆ ಅಂದ ಕೂಡಲೇ ಎರಡು ಥರದ ಸಲಹೆ ಬರುತ್ತವೆ. ಒಬ್ಬರು "ಗಟ್ಟಿಯಾಗಿ ಕ್ಲ್ಯಾಂಪ್ ಹಾಕಿ, ಸಾಕು" ಎನ್ನುತ್ತಾರೆ. ಇನ್ನೊಬ್ಬರು "ಅಷ್ಟೊಂದು ಶಕ್ತಿ ಸುಮ್ನೆ ಹಾಳಾಗ್ತಿದೆ, ಅದುರುವಿಕೆಯಿಂದ ಕರೆಂಟ್ ತೆಗೆಯೋ ಒಂದು ಹಾರ್ವೆಸ್ಟರ್ ಕೂರಿಸಿ, ಕಂಪನವೂ ಇಳಿಯುತ್ತೆ, ಕರೆಂಟೂ ಬರುತ್ತೆ" ಎನ್ನುತ್ತಾರೆ. ಎರಡನೆಯದು ಕೇಳೋಕೆ ಚೆನ್ನಾಗಿದೆ. ಕೆಲವು ಕಡೆ ನಿಜವೂ ಹೌದು. ಆದರೆ ಎಷ್ಟು ಇಳಿಯುತ್ತದೆ, ಎಷ್ಟು ಬರುತ್ತದೆ ಅನ್ನೋ ಲೆಕ್ಕ ಹಾಕದೆ ಕೊಂಡವರಿಗೆ ಎರಡರಲ್ಲಿ ಒಂದೂ ಸರಿಯಾಗಿ ಸಿಗುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಂಪನ ತಗ್ಗಿಸುವುದನ್ನೇ ಮುಖ್ಯ ಕೆಲಸ ಅಂತ ಇಟ್ಟುಕೊಳ್ಳಿ. ಕರೆಂಟನ್ನು ಪಕ್ಕದ ಲಾಭ ಅಂತ ನೋಡಿ. ಯಾಕೆ ಹೀಗೆ ಅನ್ನೋದು ಕೆಳಗಿನ ಲೆಕ್ಕದಲ್ಲಿ ಗೊತ್ತಾಗುತ್ತದೆ. ಅದನ್ನು ಒಪ್ಪದಿದ್ದರೂ ಪರವಾಗಿಲ್ಲ, ನಿಮ್ಮ ಪೈಪಿನ ಅಂಕಿಗಳನ್ನು ಹಾಕಿ ನೋಡಲು ದಾರಿಯಾದರೂ ಸಿಗುತ್ತದೆ.

ಮೊದಲು ಪೈಪನ್ನು ಅರ್ಥ ಮಾಡಿಕೊಳ್ಳಿ

ಯಾವ ಸಾಧನ ಒಳ್ಳೆಯದು ಅನ್ನೋ ಪ್ರಶ್ನೆಗೆ ಮುಂಚೆ, ಪೈಪ್ ಯಾಕೆ ಅದುರುತ್ತಿದೆ ಅನ್ನೋ ಪ್ರಶ್ನೆ ಬರಬೇಕು. ಪಿಸ್ಟನ್ ಪಂಪ್ ಅಥವಾ ಪಿಸ್ಟನ್ ಕಂಪ್ರೆಸರ್ ಇದ್ದರೆ ಒಳಗಿನ ಒತ್ತಡವೇ ಮಿಡಿಯುತ್ತಿರುತ್ತದೆ. ಸೆಂಟ್ರಿಫ್ಯೂಗಲ್ ಪಂಪ್ ಆದರೆ ಇಂಪೆಲ್ಲರಿನ ರೆಕ್ಕೆಗಳು ಹಾದುಹೋಗುವ ಲಯ ಕಾಣಿಸುತ್ತದೆ: ನಿಮಿಷಕ್ಕೆ 1,480 ಸುತ್ತು, 5 ರೆಕ್ಕೆ ಅಂದರೆ ಸೆಕೆಂಡಿಗೆ ಸುಮಾರು 123 ಬಡಿತ. ಅರ್ಧ ಮುಚ್ಚಿದ ವಾಲ್ವ್ ಇದ್ದರೆ ಅದರ ಮುಂದಿನ ಪೈಪಿನಲ್ಲಿ ಹರಿವು ಕದಡಿ, ಯಾವ ಲಯವೂ ಇಲ್ಲದ ಗದ್ದಲದಂತೆ ಅದುರುತ್ತದೆ. ಬಯಲಿನಲ್ಲಿ ಕಂಬಗಳ ಮೇಲೆ ಸಾಗುವ ಪೈಪನ್ನು ಗಾಳಿ ಅಲ್ಲಾಡಿಸುತ್ತದೆ, ಸಮುದ್ರದೊಳಗಿನ ಪೈಪನ್ನು ನೀರಿನ ಹರಿವು. ಇವುಗಳ ಹಿಂದೆ ಸುಳಿಗಳು ಒಮ್ಮೆ ಈ ಬದಿ, ಒಮ್ಮೆ ಆ ಬದಿ ಕಳಚಿಕೊಳ್ಳುತ್ತವೆ. ಅದರ ಲಯವನ್ನು ಅಂದಾಜು ಮಾಡುವುದು ಸುಲಭ: ವೇಗವನ್ನು ವ್ಯಾಸದಿಂದ ಭಾಗಿಸಿ 0.2ರಿಂದ ಗುಣಿಸಿ. ಅರ್ಧ ಮೀಟರ್ ವ್ಯಾಸದ ಪೈಪಿಗೆ ಸೆಕೆಂಡಿಗೆ 5 ಮೀಟರ್ ಗಾಳಿ ಬೀಸಿದರೆ 2 ಹರ್ಟ್ಝ್, ಅಂದರೆ ಸೆಕೆಂಡಿಗೆ 2 ಸಲ.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯ. ಇದು ಅನುರಣನವಾ, ಅಂದರೆ ರೆಸೊನೆನ್ಸಾ? ಅಥವಾ ಬರೀ ಬಲವಂತದ ಅಲುಗಾಟವಾ? ಉಯ್ಯಾಲೆಯನ್ನು ಅದರ ತಾಳಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ತಳ್ಳಿಗೂ ಎತ್ತರಕ್ಕೆ ಹೋಗುತ್ತದೆ, ಅಲ್ವಾ? ಪೈಪಿಗೂ ತನ್ನದೇ ತಾಳ ಇದೆ. ಪಂಪಿನ ಲಯ ಅದಕ್ಕೆ ಕೂಡಿಕೊಂಡರೆ ಡ್ಯಾಂಪಿಂಗ್, ಅಂದರೆ ಅಲುಗಾಟದ ಶಕ್ತಿಯನ್ನು ಹೀರಿ ತಣಿಸುವ ಗುಣ, ಹೆಚ್ಚಿಸುವುದರಿಂದ ಬಹಳ ಪ್ರಯೋಜನ. ಕೂಡಿಕೊಳ್ಳದೆ, ಬಲ ದೊಡ್ಡದಿರುವುದರಿಂದಲೇ ಪೈಪ್ ಅದುರುತ್ತಿದ್ದರೆ ಡ್ಯಾಂಪಿಂಗ್ ಸೇರಿಸಿ ಏನೂ ಬದಲಾಗುವುದಿಲ್ಲ. ಅಲ್ಲಿ ಬಲವನ್ನೇ ಕಡಿಮೆ ಮಾಡಬೇಕು, ಇಲ್ಲವೇ ಪೈಪನ್ನು ಬಿಗಿ ಮಾಡಬೇಕು. ಯಾವುದು ಅಂತ ತಿಳಿಯಲು ಪಂಪ್ ನಿಲ್ಲಿಸಿ, ರಬ್ಬರ್ ತಲೆಯ ಸುತ್ತಿಗೆಯಿಂದ ಪೈಪನ್ನು ತಟ್ಟಿ, ವೈಬ್ರೇಶನ್ ಮೀಟರಿನಲ್ಲಿ ಅದರ ಸಹಜ ಲಯ ನೋಡಿ. ನಂತರ ಪಂಪ್ ಓಡಿಸಿ ಓಡುವ ಲಯ ನೋಡಿ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಪಿಸ್ಟನ್ ಕಂಪ್ರೆಸರ್‌ಗಳಿಗೆ ಮಾಡಿರುವ 618 ಎಂಬ ಮಾನದಂಡ ಈ ಎರಡರ ನಡುವೆ ಕನಿಷ್ಠ 20 ಶೇಕಡಾ ಅಂತರ ಕೇಳುತ್ತದೆ. ಬೇರೆ ಪೈಪುಗಳಿಗೂ ಅದು ಒಳ್ಳೆಯ ಗುರಿಯೇ.

ಮೂರನೆಯದು, ಲಯ ಎಷ್ಟು ಸ್ಥಿರ? ಮೋಟರಿನ ವೇಗ ಬದಲಿಸುವ ಡ್ರೈವ್ ಇದ್ದರೆ ಲಯ ಅಲೆದಾಡುತ್ತದೆ. ಡ್ರೈವ್ ಇಲ್ಲದ ಸಾಮಾನ್ಯ ಇಂಡಕ್ಷನ್ ಮೋಟರಿನಲ್ಲೂ ಲೋಡ್ ಏರಿಳಿದಂತೆ ವೇಗ ಒಂದೆರಡು ಶೇಕಡಾ ಜರುಗುತ್ತದೆ. ಈ ಒಂದೆರಡು ಶೇಕಡಾ ಎಂಥ ಕೆಲಸ ಮಾಡುತ್ತದೆ ಅಂತ ಆಮೇಲೆ ನೋಡೋಣ.

ನಾಲ್ಕನೆಯದು ಅಪಾಯ. ದಪ್ಪ ಪೈಪ್ ನಡುವಲ್ಲಿ ಒಡೆಯುವುದು ಕಡಿಮೆ. ಅದಕ್ಕೆ ಬೆಸುಗೆ ಹಾಕಿದ ಸಣ್ಣ ಕವಲುಗಳು, ಅಂದರೆ ಡ್ರೇನ್, ವೆಂಟ್, ಪ್ರೆಷರ್ ಗೇಜಿನ ಕೊಳವೆ, ಬುಡದಲ್ಲಿ ಬಿರುಕು ಬಿಡುತ್ತವೆ. 25 ಹರ್ಟ್ಝ್‌ನಲ್ಲಿ ಅದುರುವ ಪೈಪ್ ಒಂದು ವರ್ಷದಲ್ಲಿ ಸುಮಾರು 79 ಕೋಟಿ ಸಲ ಬಾಗುತ್ತದೆ. ಬೆಸುಗೆಯ ಬಳಲಿಕೆ, ಬಾಗುವಾಗ ಲೋಹದಲ್ಲಿ ಹುಟ್ಟುವ ಒತ್ತಡದ ಮೂರನೇ ಘಾತಕ್ಕೆ ಹೋಗುತ್ತದೆ ಅನ್ನೋದು ಸಾಮಾನ್ಯ ಅಂದಾಜು. ಅಂದರೆ ಕಂಪನ ಅರ್ಧಕ್ಕೆ ಇಳಿದರೆ ಬಾಳಿಕೆ 8 ಪಟ್ಟು, ಐದನೇ ಒಂದಕ್ಕೆ ಇಳಿದರೆ 125 ಪಟ್ಟು. ಬ್ರಿಟನ್ನಿನ ಎನರ್ಜಿ ಇನ್‌ಸ್ಟಿಟ್ಯೂಟ್ 2008ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಈ ಸಣ್ಣ ಕವಲುಗಳಿಗೆ ಬೇರೆಯಾಗಿಯೇ ಅಂಕ ಕೊಟ್ಟು ಅಳೆಯುತ್ತದೆ. ನಿಮ್ಮ ಅಳತೆ ಅಪಾಯದ ಕಡೆಗಿದ್ದರೆ ಕರೆಂಟಿನ ಮಾತನ್ನು ಸದ್ಯ ಬದಿಗಿಡಿ.

ಇನ್ನುಳಿದವು ಚಿಕ್ಕ ವಿಷಯಗಳು, ಆದರೆ ಕೊನೆಗೆ ಇವೇ ತೀರ್ಮಾನ ಮಾಡುವುದೂ ಉಂಟು: ಪೈಪಿನ ಬಿಸಿ ಎಷ್ಟು, ಸುತ್ತ ಸ್ಫೋಟಕ ಅನಿಲ ಇದೆಯಾ, ಅಲ್ಲಿಗೆ ಮನುಷ್ಯ ಸುಲಭವಾಗಿ ಹೋಗಬಹುದಾ, ನಿಮಗೆ ಬೇಕಾದ ಕರೆಂಟ್ ಮಿಲಿವ್ಯಾಟಾ, ವ್ಯಾಟಾ.

ಕಂಪನದಲ್ಲಿ ನಿಜಕ್ಕೂ ಎಷ್ಟು ಶಕ್ತಿ ಇದೆ?

ಇಲ್ಲಿ ಸ್ವಲ್ಪ ನಿಲ್ಲೋಣ. ಪೈಪಿನ ಮೇಲೆ ಕೈ ಇಟ್ಟರೆ ಭಾರಿ ಶಕ್ತಿ ಇದೆ ಅನ್ನಿಸುತ್ತದೆ. ಲೆಕ್ಕ ಬೇರೆ ಹೇಳುತ್ತದೆ.

ಎರಡು ಆಧಾರಗಳ ನಡುವಿನ ಒಂದು ತುಂಡು ತೆಗೆದುಕೊಳ್ಳಿ. ಅಲುಗುವ ತೂಕ 200 ಕೆಜಿ, ಸಹಜ ಲಯ 10 ಹರ್ಟ್ಝ್, ಪೈಪಿನದೇ ಡ್ಯಾಂಪಿಂಗ್ 1 ಶೇಕಡಾ. ಅನುರಣನದಲ್ಲಿ ಸೆಕೆಂಡಿಗೆ 10 ಮಿ.ಮೀ. ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ವೇಗದಲ್ಲಿ ಅದುರುತ್ತಿದೆ ಅಂದುಕೊಳ್ಳಿ. ಕಣ್ಣಿಗೂ ಕೈಗೂ ಚೆನ್ನಾಗಿಯೇ ತಿಳಿಯುವಷ್ಟು. ಇದು ಕಳೆದುಕೊಳ್ಳುತ್ತಿರುವ ಶಕ್ತಿ 25 ಮಿಲಿವ್ಯಾಟ್. ಹೌದು, ಮಿಲಿವ್ಯಾಟ್.

ಈಗ ಇದಕ್ಕೆ ಜನರೇಟರ್ ಜೋಡಿಸಿ, ಪೈಪಿನ ಸ್ವಂತ ಡ್ಯಾಂಪಿಂಗಿನಷ್ಟೇ ಡ್ಯಾಂಪಿಂಗನ್ನು ಕರೆಂಟ್ ರೂಪದಲ್ಲಿ ಸೇರಿಸಿ. ಕಂಪನ ಅರ್ಧವಾಗುತ್ತದೆ, ಜನರೇಟರಿಗೆ 6.3 ಮಿಲಿವ್ಯಾಟ್ ಸಿಗುತ್ತದೆ. ಆ ಬಲಕ್ಕೆ, ಆ ಲಯಕ್ಕೆ ಇದೇ ಗರಿಷ್ಠ. ಎಂಥ ಸಾಧನ ತಂದರೂ ಈ ಗೆರೆ ದಾಟಲು ಆಗುವುದಿಲ್ಲ. ಇನ್ನೂ ಜಾಸ್ತಿ ಹಿಂಡಿದರೆ? ಸ್ವಂತ ಡ್ಯಾಂಪಿಂಗಿನ ನಾಲ್ಕು ಪಟ್ಟು ಸೇರಿಸಿದರೆ ಕಂಪನ ಐದನೇ ಒಂದಕ್ಕೆ ಇಳಿಯುತ್ತದೆ, ಕರೆಂಟ್ 4 ಮಿಲಿವ್ಯಾಟ್ ಆಗುತ್ತದೆ. ಒಂಬತ್ತು ಪಟ್ಟು ಸೇರಿಸಿದರೆ ಕಂಪನ ಹತ್ತನೇ ಒಂದು, ಕರೆಂಟ್ 2.3 ಮಿಲಿವ್ಯಾಟ್.

ಈ ಮೂರು ಜೋಡಿ ಅಂಕಿಗಳಲ್ಲೇ ಇಡೀ ತಕರಾರು ಅಡಗಿದೆ. ತಗ್ಗಿಸುವುದು ಮತ್ತು ತೆಗೆಯುವುದು ಒಂದಕ್ಕೊಂದು ವಿರೋಧ ಅನ್ನೋದು ನಿಜ, ಆದರೆ ಸಮಬಲದ ವಿರೋಧ ಅಲ್ಲ. ಅರ್ಧದಿಂದ ಐದನೇ ಒಂದಕ್ಕೆ ಹೋಗುವಾಗ ಕರೆಂಟ್ ಮೂರನೇ ಒಂದು ಭಾಗ ಮಾತ್ರ ಕಳೆಯುತ್ತದೆ. ಬೆಸುಗೆಯ ಬಾಳಿಕೆ ಮಾತ್ರ 8 ಪಟ್ಟಿನಿಂದ 125 ಪಟ್ಟಿಗೆ ಏರುತ್ತದೆ. ಎರಡು ಮಿಲಿವ್ಯಾಟಿಗೆ ಆಸೆಪಟ್ಟು ಪೈಪನ್ನು ಅದುರಲು ಬಿಡುವುದು ಯಾವ ಲೆಕ್ಕದಲ್ಲೂ ಕೂರುವುದಿಲ್ಲ.

ಇನ್ನು ಈ ಕೆಲವು ಮಿಲಿವ್ಯಾಟಿನಿಂದ ಏನು ನಡೆಯುತ್ತದೆ? ಆಗೊಮ್ಮೆ ಈಗೊಮ್ಮೆ ಎಚ್ಚರವಾಗಿ ಬಿಸಿ, ಒತ್ತಡ, ಕಂಪನ ಅಳೆದು ರೇಡಿಯೊದಲ್ಲಿ ಕಳಿಸುವ ವೈರ್‌ಲೆಸ್ ಸೆನ್ಸರ್ ಆರಾಮಾಗಿ ನಡೆಯುತ್ತದೆ. ಕ್ಯಾಮೆರಾ, ಸದಾ ಉರಿಯುವ ದೀಪ, ಮೋಟರ್ ಇರುವ ವಾಲ್ವ್ ನಡೆಯುವುದಿಲ್ಲ.

ಬಿಗಿ ಮಾಡುವುದು, ಮೂಲದಲ್ಲೇ ತಡೆಯುವುದು

ಕ್ಲ್ಯಾಂಪ್, ಹೆಚ್ಚುವರಿ ಆಧಾರ, ಸಣ್ಣ ಕವಲುಗಳಿಗೆ ಆಸರೆ ಪಟ್ಟಿ. ಇವು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಬೇಗ. ಪೈಪಿನ ಸಹಜ ಲಯವನ್ನು ಮೇಲಕ್ಕೆ ತಳ್ಳಿ ಪಂಪಿನ ಲಯದಿಂದ ದೂರ ಮಾಡುತ್ತವೆ. ಕರೆಂಟ್ ಶೂನ್ಯ. ಒಂದೇ ಎಚ್ಚರ: ಬಿಸಿ ಪೈಪ್ ಹಿಗ್ಗಲು ಜಾಗ ಬೇಕು. ಕಂಪನ ನಿಲ್ಲಿಸಲು ಹೋಗಿ ಹಿಗ್ಗುವುದನ್ನೂ ನಿಲ್ಲಿಸಿದರೆ ಬೆಂಡಿನಲ್ಲೋ ನಾಝಲ್‌ನಲ್ಲೋ ಹೊಸ ಒತ್ತಡ ಹುಟ್ಟುತ್ತದೆ.

ಪಿಸ್ಟನ್ ಪಂಪ್, ಕಂಪ್ರೆಸರ್‌ಗಳಿಗೆ ಪಲ್ಸೇಶನ್ ಬಾಟಲ್ (ಮಿಡಿತ ತಣಿಸುವ ಪಾತ್ರೆ), ಡ್ಯಾಂಪನರ್, ಸರಿಯಾದ ಜಾಗದಲ್ಲಿ ಒಂದು ಆರಿಫಿಸ್ ಪ್ಲೇಟ್ (ಸಣ್ಣ ತೂತಿನ ತಟ್ಟೆ). ಒಳಗಿನ ಮಿಡಿತವೇ ತಗ್ಗಿದ ಮೇಲೆ ಹೊರಗೆ ಅದುರಲು ಏನೂ ಉಳಿಯುವುದಿಲ್ಲ. ಆರಿಫಿಸ್ ಅಗ್ಗ, ಆದರೆ ಒತ್ತಡ ತಿನ್ನುತ್ತದೆ, ಅದನ್ನು ಪಂಪಿನ ಕರೆಂಟ್ ಬಿಲ್ಲಿನಲ್ಲಿ ಕಟ್ಟುತ್ತೀರಿ. ಬಾಟಲ್ ದುಬಾರಿ, ಒತ್ತಡ ಅಷ್ಟಾಗಿ ತಿನ್ನುವುದಿಲ್ಲ.

ಇನ್ನು ವಿಸ್ಕಸ್ ಡ್ಯಾಂಪರ್ ಇದೆ. ದಪ್ಪ ದ್ರವದೊಳಗೆ ಪಿಸ್ಟನ್ ಓಡಾಡುತ್ತದೆ, ಶಕ್ತಿ ಬಿಸಿಯಾಗಿ ಹೋಗುತ್ತದೆ. ಲಯ ಅಲೆದಾಡಿದರೂ ಕೆಲಸ ಮಾಡುತ್ತದೆ, ನಿಧಾನವಾಗಿ ಹಿಗ್ಗುವ ಪೈಪನ್ನು ತಡೆಯುವುದಿಲ್ಲ. ಇಳಿಕೆಯೊಂದೇ ಬೇಕಾದವರಿಗೆ, ಲಯ ಸ್ಥಿರವಿಲ್ಲದವರಿಗೆ ನನ್ನ ಮೊದಲ ಆಯ್ಕೆ ಇದು. ಹತ್ತಿರದಲ್ಲಿ ಗಟ್ಟಿ ಕಂಬ ಇರಬೇಕು, ಅಷ್ಟೇ.

ಟ್ಯೂನ್ ಮಾಡಿದ ತೂಕ

ಹತ್ತಿರ ಕಂಬ ಇಲ್ಲದಿದ್ದರೆ? ಪೈಪಿಗೇ ಒಂದು ಸ್ಪ್ರಿಂಗ್, ಅದರ ತುದಿಗೆ ಒಂದು ತೂಕ. ಅದರ ಲಯವನ್ನು ಪೈಪಿನ ಲಯದ ಹತ್ತಿರಕ್ಕೆ ಹೊಂದಿಸಿದರೆ ಪೈಪಿನ ಬದಲು ತೂಕ ಅಲ್ಲಾಡುತ್ತದೆ. ಹರ್ಮನ್ ಫ್ರಾಮ್ ಇದಕ್ಕೆ 1911ರಲ್ಲಿ ಅಮೆರಿಕದ ಪೇಟೆಂಟ್ ಪಡೆದ. 1928ರಲ್ಲಿ ಆರ್ಮಂಡ್ರಾಯ್ಡ್ ಮತ್ತು ಡೆನ್ ಹಾರ್ಟಾಗ್ ಇದರ ಗಣಿತ ಬರೆದರು. ಅಲಾಸ್ಕಾದ ಉತ್ತರ ತುದಿಯಲ್ಲಿ ಕಂಬಗಳ ಮೇಲೆ ಸಾಗುವ ತೈಲ ಪೈಪುಗಳಿಗೆ ಗಾಳಿಯ ಕಂಪನ ತಡೆಯಲು ಇಂಥ ತೂಕಗಳನ್ನೇ ನೇತುಹಾಕಿದ್ದಾರೆ.

ತೂಕ ಎಷ್ಟಿರಬೇಕು? ನಮ್ಮ 200 ಕೆಜಿ ಪೈಪನ್ನೇ ನೋಡಿ. ಏನೂ ಹಾಕದಿದ್ದಾಗ, ಅದೇ ಬಲ ನಿಧಾನವಾಗಿ ತಳ್ಳಿದ್ದಕ್ಕೆ ಹೋಲಿಸಿದರೆ, ಅನುರಣನದಲ್ಲಿ ಅಲುಗಾಟ 50 ಪಟ್ಟು ಹಿಗ್ಗುತ್ತದೆ. 2 ಕೆಜಿ ತೂಕ ಸರಿಯಾಗಿ ಹೊಂದಿಸಿದರೆ ಅದು ಸುಮಾರು 14 ಪಟ್ಟಿಗೆ ಇಳಿಯುತ್ತದೆ, 10 ಕೆಜಿ ಹಾಕಿದರೆ ಸುಮಾರು 6ಕ್ಕೆ. ತೂಕ ಐದು ಪಟ್ಟಾದಾಗ ಲಾಭ ಎರಡು ಪಟ್ಟು ಮಾತ್ರ. ಆದರೆ ಜಾಸ್ತಿ ತೂಕ ಇನ್ನೊಂದು ಕೊಡುತ್ತದೆ: ಲಯ ಸ್ವಲ್ಪ ಜರುಗಿದರೂ ಕೆಲಸ ಕೆಡುವುದಿಲ್ಲ. ಅದಕ್ಕೇ 5 ಶೇಕಡಾ ತೂಕ ಹಾಕುವುದು ಬುದ್ಧಿವಂತಿಕೆ. ಆಗ ತೂಕಕ್ಕೆ ಬೇಕಾದ ಡ್ಯಾಂಪಿಂಗ್ ಸುಮಾರು 13 ಶೇಕಡಾ.

10 ಹರ್ಟ್ಝ್‌ಗೆ ಸ್ಪ್ರಿಂಗ್ ತೂಕದಿಂದ ಜಗ್ಗುವುದು 2.5 ಮಿ.ಮೀ. ಗಾಳಿಯ 2 ಹರ್ಟ್ಝ್ ಆದರೆ 62 ಮಿ.ಮೀ. ಲಯ ಕಡಿಮೆಯಾದಷ್ಟೂ ಸಾಧನ ದೊಡ್ಡದು, ಜೋಲುವುದು ಜಾಸ್ತಿ.

ಎರಡೂ ಕೆಲಸ ಮಾಡುವ ತೂಕ

ಆ 13 ಶೇಕಡಾ ಡ್ಯಾಂಪಿಂಗನ್ನು ರಬ್ಬರ್, ಎಣ್ಣೆಯ ಬದಲು ಅಯಸ್ಕಾಂತ ಮತ್ತು ಕಾಯಿಲ್‌ನಿಂದ ಪಡೆದರೆ? ತೂಕವೇ ಅಯಸ್ಕಾಂತ. ಅದು ಕಾಯಿಲ್ ಒಳಗೆ ಓಡಾಡಿದಾಗ ಕರೆಂಟ್, ಆ ಕರೆಂಟಿನ ಎಳೆತವೇ ಡ್ಯಾಂಪಿಂಗ್. ಕಾಗದದ ಮೇಲೆ ಇದು ಎಲ್ಲರೂ ಹುಡುಕುತ್ತಿರುವ ಉತ್ತರ. ತಗ್ಗಿಸುವುದೂ ತೆಗೆಯುವುದೂ ನಿಜವಾಗಿ ಒಂದೇ ಸಾಧನದಲ್ಲಿ ಆಗುವುದು ಇಲ್ಲೇ. ಆದರೆ ಮೂರು ಕಡೆ ಎಡವುವ ಸಾಧ್ಯತೆ ಇದೆ.

ಮೊದಲನೆಯದು ಬ್ಯಾಟರಿ ತುಂಬಿದಾಗ. ಚಾರ್ಜಿಂಗ್ ನಿಂತರೆ ಕರೆಂಟ್ ಹರಿಯುವುದಿಲ್ಲ. ಕರೆಂಟ್ ಇಲ್ಲದಿದ್ದರೆ ಡ್ಯಾಂಪಿಂಗ್ ಇಲ್ಲ. ತೂಕ ಅತಿಯಾಗಿ ಹೊಯ್ದಾಡಿ ತಡೆಗೆ ಬಡಿಯಬಹುದು, ಒಂದು ಲಯದ ಬದಲು ಪಕ್ಕದ ಎರಡು ಲಯಗಳಲ್ಲಿ ಪೈಪ್ ಅದುರಬಹುದು. ಹೆಚ್ಚಾದ ಕರೆಂಟನ್ನು ಸುಡಲು ಒಂದು ರೆಸಿಸ್ಟರ್ ಸದಾ ಸಿದ್ಧವಿರಬೇಕು. ಅದು ಇಲ್ಲದ ಸಾಧನವನ್ನು ಕೊಳ್ಳಲೇಬೇಡಿ.

ಎರಡನೆಯದು ಡಯೋಡ್. ಕಾಯಿಲಿನ ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡುಗಳ ಬ್ರಿಡ್ಜ್ ರೆಕ್ಟಿಫೈಯರ್ ತೆರೆಯಲು ಸುಮಾರು 1.4 ವೋಲ್ಟ್ ಬೇಕು. ಕಾಯಿಲಿನಲ್ಲಿ ಅಷ್ಟು ಹುಟ್ಟುವವರೆಗೆ ಕರೆಂಟೂ ಇಲ್ಲ, ಡ್ಯಾಂಪಿಂಗೂ ಇಲ್ಲ. ಸಣ್ಣ ಕಂಪನಕ್ಕೆ ಸಾಧನ ಸುಮ್ಮನೆ ತೂಗಾಡುತ್ತದೆ. ಬರೀ ಹತ್ತಾರು ಮಿಲಿವೋಲ್ಟಿಗೆ ಎಚ್ಚರವಾಗುವ ಬೂಸ್ಟ್ ಸರ್ಕ್ಯೂಟುಗಳು ಇವೆ. ಅಂಥದ್ದು ಇದೆಯಾ ಅಂತ ಕೇಳಿ.

ಮೂರನೆಯದು ಬಿಸಿ. ಸಾಮಾನ್ಯ ದರ್ಜೆಯ ನಿಯೋಡಿಮಿಯಮ್ ಅಯಸ್ಕಾಂತಕ್ಕೆ 80 ಡಿಗ್ರಿ ಸೆಲ್ಸಿಯಸ್ ಮಿತಿ. ಉಗಿ ಪೈಪಿಗೆ ಅದನ್ನು ನೇರವಾಗಿ ಕಟ್ಟಿದರೆ ಅಯಸ್ಕಾಂತ ದುರ್ಬಲವಾಗುತ್ತದೆ, ಜತೆಗೆ ಡ್ಯಾಂಪಿಂಗೂ. ಸಮೇರಿಯಮ್ ಕೋಬಾಲ್ಟ್ 300 ಡಿಗ್ರಿಯ ತನಕ ತಡೆಯುತ್ತದೆ, ಬೆಲೆ ಜಾಸ್ತಿ.

ಇಷ್ಟೆಲ್ಲ ಇದ್ದರೂ ಈ ವರ್ಗ ನನಗೆ ಇಷ್ಟ. ಹೇಗಿದ್ದರೂ ಟ್ಯೂನ್ ಮಾಡಿದ ತೂಕ ಬೇಕೇಬೇಕು ಅನ್ನುವ ಪೈಪಿಗೆ, ಹೆಚ್ಚುವರಿ ಖರ್ಚು ಕಾಯಿಲ್ ಮತ್ತು ಸರ್ಕ್ಯೂಟಿಗೆ ಮಾತ್ರ. ಸಿಗುವ ಕರೆಂಟಿನಿಂದ ಅದೇ ಪೈಪಿನ ಕಂಪನ ಅಳೆಯುವ ಸೆನ್ಸರ್ ನಡೆಸಿದರೆ, ಸಾಧನ ಟ್ಯೂನ್ ತಪ್ಪಿದ್ದನ್ನು ಅದೇ ಹೇಳುತ್ತದೆ.

ಬರೀ ಹಾರ್ವೆಸ್ಟರ್

ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಅಯಸ್ಕಾಂತದಿಂದ ಪೈಪಿಗೆ ಅಂಟಿಕೊಳ್ಳುತ್ತದೆ. ಒಳಗೆ 100 ಗ್ರಾಂ ತೂಕ, 25 ಹರ್ಟ್ಝ್, ಒಟ್ಟು ಡ್ಯಾಂಪಿಂಗ್ 1 ಶೇಕಡಾ ಅಂದುಕೊಳ್ಳಿ. ಪೈಪಿನ ವೇಗೋತ್ಕರ್ಷ ಗುರುತ್ವದ ಹತ್ತನೇ ಒಂದರಷ್ಟಿದ್ದರೆ ಕಾಯಿಲಿಗೆ ಹೆಚ್ಚೆಂದರೆ 8 ಮಿಲಿವ್ಯಾಟ್. ಸರ್ಕ್ಯೂಟಿನ ನಷ್ಟ ಕಳೆದು ಅರ್ಧ ಉಳಿದರೂ ಒಳ್ಳೆಯದೇ.

ಈಗ ಆ ಒಂದೆರಡು ಶೇಕಡಾ ವಿಷಯಕ್ಕೆ ಬರೋಣ. ಇಷ್ಟು ಹರಿತವಾಗಿ ಟ್ಯೂನ್ ಆದ ಸಾಧನದಲ್ಲಿ ಲಯ ಕಾಲು ಹರ್ಟ್ಝ್, ಅಂದರೆ 1 ಶೇಕಡಾ ಜರುಗಿದರೆ ಕರೆಂಟ್ ಅರ್ಧ. ಅರ್ಧ ಹರ್ಟ್ಝ್ ಜರುಗಿದರೆ ಐದನೇ ಒಂದು. ಡ್ಯಾಂಪಿಂಗ್ ಹೆಚ್ಚಿಸಿ ಅಗಲ ಮಾಡಬಹುದು, ಆಗ ಗರಿಷ್ಠ ಕರೆಂಟೇ ಇಳಿಯುತ್ತದೆ. ಜಾಹೀರಾತಿನಲ್ಲಿ ಬರುವುದು ಸದಾ ಆ ತುತ್ತತುದಿಯ ಅಂಕಿ.

ಇದು ಕಂಪನ ತಗ್ಗಿಸುತ್ತದಾ? ಪೈಪ್ ಅನುರಣನದಲ್ಲಿದ್ದು, ಟ್ಯೂನಿಂಗ್ ಕೂದಲೆಳೆಯಷ್ಟೂ ತಪ್ಪದಿದ್ದರೆ ಲೆಕ್ಕದಲ್ಲಿ ಇಳಿಕೆ ಕಾಣುತ್ತದೆ. ನಿಜವಾದ ಸ್ಥಾವರದಲ್ಲಿ ಹಾಗೆ ಇರುವುದಿಲ್ಲ. ಇದನ್ನು ಸೆನ್ಸರಿನ ಬ್ಯಾಟರಿಗೆ ಬದಲಿ ಅಂತ ಕೊಳ್ಳಿ, ಡ್ಯಾಂಪರ್ ಅಂತ ಕೊಳ್ಳಬೇಡಿ.

ಮತ್ತು ಬ್ಯಾಟರಿಯನ್ನು ಕಡೆಗಣಿಸಬೇಡಿ. ಡಿ ಗಾತ್ರದ ಒಂದು ಲಿಥಿಯಂ ಥಯೊನಿಲ್ ಕ್ಲೋರೈಡ್ ಸೆಲ್‌ನಲ್ಲಿ 3.6 ವೋಲ್ಟ್, 19 ಆಂಪಿಯರ್ ಗಂಟೆ, ಅಂದರೆ ಸುಮಾರು 68 ವ್ಯಾಟ್ ಗಂಟೆ ಇರುತ್ತದೆ. ಸರಾಸರಿ 1 ಮಿಲಿವ್ಯಾಟ್ ತಿನ್ನುವ ಸೆನ್ಸರಿಗೆ ಲೆಕ್ಕದ ಪ್ರಕಾರ ಏಳು ವರ್ಷದ ಮೇಲೆ. 4 ಮಿಲಿವ್ಯಾಟ್ ಆದರೆ ಎರಡು ವರ್ಷಕ್ಕೂ ಸ್ವಲ್ಪ ಕಡಿಮೆ. ಸುಲಭವಾಗಿ ತಲುಪುವ ಜಾಗದಲ್ಲಿ ನಾಲ್ಕಾರು ಸೆನ್ಸರ್ ಇದ್ದರೆ ಬ್ಯಾಟರಿಯೇ ಗೆಲ್ಲುತ್ತದೆ. ಏಣಿ, ಅನುಮತಿ ಪತ್ರ, ಸ್ಥಾವರ ನಿಲುಗಡೆ ಎಲ್ಲ ಬೇಕಾಗುವ ಜಾಗದಲ್ಲಿ ನೂರಾರು ಸೆನ್ಸರ್ ಇದ್ದರೆ ಹಾರ್ವೆಸ್ಟರ್ ಗೆಲ್ಲುತ್ತದೆ. ಪೈಪ್ ಬಿಸಿಯಾಗಿದ್ದರೆ ಮೂರನೆಯ ಆಟಗಾರ ಬರುತ್ತಾನೆ: ಥರ್ಮೋಎಲೆಕ್ಟ್ರಿಕ್ ಬಿಲ್ಲೆ. ಪೈಪಿಗೂ ಸುತ್ತಲಿನ ಗಾಳಿಗೂ ಬಿಸಿಯ ಅಂತರ ಇರುವ ತನಕ ಅದು ಕರೆಂಟ್ ಕೊಡುತ್ತದೆ, ಪಂಪಿನ ಲಯದ ಹಂಗಿಲ್ಲ. ಕಂಪನ ಪೂರ್ತಿ ನಿಂತರೂ ಅದಕ್ಕೆ ಚಿಂತೆಯಿಲ್ಲ. ಬಿಸಿ ಪೈಪಿದ್ದವರು ಕಂಪನದ ಹಾರ್ವೆಸ್ಟರ್ ಯಾಕೆ ನೋಡುತ್ತಾರೋ ನನಗೆ ಅರ್ಥವಾಗುವುದಿಲ್ಲ.

ಪಿಯೆಝೊ ಪಟ್ಟಿ

ಒತ್ತಿದರೆ ಕರೆಂಟ್ ಕೊಡುವ ಪಿಯೆಝೊ ಗುಣವನ್ನು 1880ರಲ್ಲಿ ಕ್ಯೂರಿ ಸಹೋದರರು ತೋರಿಸಿದರು. 1991ರಲ್ಲಿ ಹ್ಯಾಗುಡ್ ಮತ್ತು ವಾನ್ ಫ್ಲೋಟೊ ಪಿಯೆಝೊ ಪಟ್ಟಿಗೆ ಸರ್ಕ್ಯೂಟ್ ಜೋಡಿಸಿ ಕಂಪನ ತಗ್ಗಿಸುವ ಲೆಕ್ಕ ಕೊಟ್ಟರು. ತೆಳು ತಗಡಿನ ಡಕ್ಟಿಗೆ ಇದು ಚೆನ್ನಾಗಿ ಒಪ್ಪುತ್ತದೆ. ದಪ್ಪ ಉಕ್ಕಿನ ಪೈಪಿಗೆ ಒಪ್ಪುವುದಿಲ್ಲ. ಗೋಡೆ ದಪ್ಪ, ಪಟ್ಟಿ ತೆಳು. ಬಾಗುವ ಶಕ್ತಿಯ ಬಹುಪಾಲು ಉಕ್ಕಿನಲ್ಲೇ ಉಳಿಯುತ್ತದೆ, ಪಟ್ಟಿಗೆ ಬರುವುದು ಚೂರು. ಒಳ್ಳೆಯ ಗುಣ ಅಂದರೆ ಅಲುಗುವ ಭಾಗ ಇಲ್ಲ, ಹೆಚ್ಚು ಲಯದಲ್ಲಿ ಕಾಯಿಲಿಗಿಂತ ವಾಸಿ. ಕೆಟ್ಟ ಗುಣ, ಪೆಡಸು: ಬಡಿತಕ್ಕೆ ಸೀಳುತ್ತದೆ, ಅಂಟು ಬಿಡುತ್ತದೆ. ತೆರೆದ ತುದಿಯಲ್ಲಿ ವೋಲ್ಟೇಜ್ ಹತ್ತಾರು ವೋಲ್ಟಿಗೆ ಏರಬಹುದು, ಆದ್ದರಿಂದ ಸ್ಫೋಟಕ ಅನಿಲ ಇರುವ ಕಡೆ ಪ್ರಮಾಣಪತ್ರ ಇಲ್ಲದೆ ಹಾಕಲೇಬಾರದು.

ಟ್ರೈಬೊಎಲೆಕ್ಟ್ರಿಕ್, ಅಂದರೆ ಉಜ್ಜಿ ಕರೆಂಟ್ ಹುಟ್ಟಿಸುವ ನ್ಯಾನೊಜನರೇಟರ್ 2012ರಿಂದ ಸುದ್ದಿಯಲ್ಲಿದೆ. ತೇವ, ಸವೆತ ಎರಡೂ ಅದಕ್ಕೆ ಶತ್ರು. ಸ್ಥಾವರಕ್ಕೆ ಕೊಳ್ಳುವವರು ಸದ್ಯ ಬಿಟ್ಟುಬಿಡಿ. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿಗೆ ಒಳ್ಳೆಯ ವಿಷಯ. ಪೈಪಿನುದ್ದಕ್ಕೂ ಸಣ್ಣ ಸಣ್ಣ ತೂಕಗಳನ್ನು ಸಾಲಾಗಿ ಕಟ್ಟುವ ಮೆಟಾಮೆಟೀರಿಯಲ್ ವಿಧಾನಕ್ಕೂ ಇದೇ ಮಾತು.

ಲಯ ಅಲೆದಾಡುವವರಿಗೆ, ಹೊಡೆತ ಬೀಳುವವರಿಗೆ

ನಾನ್‌ಲೀನಿಯರ್ ಎನರ್ಜಿ ಸಿಂಕ್ ಅನ್ನೋದು ತೂಕವೇ, ಆದರೆ ಸ್ಪ್ರಿಂಗ್ ಸಾಮಾನ್ಯದ್ದಲ್ಲ. ಹೆಚ್ಚು ಎಳೆದಷ್ಟೂ ಹೆಚ್ಚು ಬಿಗಿಯಾಗುವಂಥದ್ದು. ಅದಕ್ಕೆ ತನ್ನದೇ ಒಂದು ಲಯ ಇಲ್ಲ, ಬಂದ ಲಯಕ್ಕೆ ಹೊಂದಿಕೊಳ್ಳುತ್ತದೆ. ವಾಟರ್ ಹ್ಯಾಮರ್ (ಹರಿವು ಫಕ್ಕನೆ ನಿಂತಾಗ ಬೀಳುವ ಹೊಡೆತ), ಗಾಳಿ ಮತ್ತು ದ್ರವ ಮುದ್ದೆಮುದ್ದೆಯಾಗಿ ಬರುವ ಹರಿವು, ಇವುಗಳ ಹಠಾತ್ ಹೊಡೆತಕ್ಕೆ ಒಳ್ಳೆಯದು. ತೊಡಕು ಏನೆಂದರೆ, ಕಂಪನ ಒಂದು ಮಟ್ಟ ದಾಟುವ ತನಕ ಅದು ಎಚ್ಚರವಾಗುವುದೇ ಇಲ್ಲ. ಸಣ್ಣದಾಗಿ ಸದಾ ಅದುರುವ ಪೈಪಿಗೆ ಪ್ರಯೋಜನವಿಲ್ಲ. ಕರೆಂಟ್ ತೆಗೆಯಬಹುದು, ಆದರೆ ಹೊಡೆತ ಬಿದ್ದಾಗ ಮಾತ್ರ ಬರುವ ಕರೆಂಟನ್ನು ಸೆನ್ಸರ್ ನಂಬಿ ಕೂರಲಾಗದು.

ಗಾಳಿ, ಸಮುದ್ರದ ಹರಿವಿನ ಸುಳಿಗಳಿಗೆ ಬೇರೆಯೇ ಮದ್ದು ಇದೆ: ಪೈಪಿನ ಸುತ್ತ ಸುರುಳಿಯಾಗಿ ಏರುವ ಮೂರು ರೆಕ್ಕೆಗಳು. ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ ಸ್ಕ್ರೂಟನ್ ಮತ್ತು ವಾಲ್ಶ್ 1957ರಲ್ಲಿ ಕೊಟ್ಟ ಉಪಾಯ. ಸುಳಿಗಳು ಒಟ್ಟಾಗಿ ಕಳಚದಂತೆ ಒಡೆಯುತ್ತದೆ. ಹರಿವಿನ ಎಳೆತ ಹೆಚ್ಚುತ್ತದೆ, ಕರೆಂಟ್ ಇಲ್ಲ. ಇದರ ಪಕ್ಕಾ ವಿರುದ್ಧ ದಿಕ್ಕಿನದು ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಬರ್ನಿಟ್ಸಾಸ್ ತಂಡ ರೂಪಿಸಿದ ವಿವಾಚಿ ಯಂತ್ರ. ಅದು ನೀರಿನ ಸುಳಿಗಳಿಂದ ಸಿಲಿಂಡರನ್ನು ಬೇಕೆಂದೇ ಕುಣಿಸಿ ಕರೆಂಟ್ ತೆಗೆಯುತ್ತದೆ. ತೈಲ ಹೊತ್ತ ಪೈಪನ್ನು ಹಾಗೆ ಕುಣಿಸಲು ಯಾರೂ ಒಪ್ಪುವುದಿಲ್ಲ.

ಕರೆಂಟೇ ಬೇಕು ಅನ್ನುವವರು ಎಲ್ಲಿ ನೋಡಬೇಕು?

ವಾಲ್ವ್ ಕಡೆ. ಸೆಕೆಂಡಿಗೆ 10 ಲೀಟರ್ ನೀರು ಹರಿಯುವ ಪೈಪಿನಲ್ಲಿ ಒಂದು ವಾಲ್ವ್ 2 ಬಾರ್ ಒತ್ತಡ ಇಳಿಸುತ್ತಿದ್ದರೆ ಅಲ್ಲಿ ಹಾಳಾಗುತ್ತಿರುವುದು 2,000 ವ್ಯಾಟ್. ಮೇಲೆ ನೋಡಿದ 4 ಮಿಲಿವ್ಯಾಟಿನ ಐದು ಲಕ್ಷ ಪಟ್ಟು. ಪೈಪ್ ಅದುರುತ್ತಿರುವುದು ಆ ವಾಲ್ವಿನಿಂದಲೇ ಆಗಿದ್ದರೆ, ಒತ್ತಡ ಇಳಿಸುವ ಕೆಲಸವನ್ನು ಒಂದು ಸಣ್ಣ ಟರ್ಬೈನಿಗೋ ಹಿಮ್ಮುಖವಾಗಿ ಓಡುವ ಪಂಪಿಗೋ ಕೊಡಬಹುದು. ದಕ್ಷತೆ 60 ಶೇಕಡಾ ಅಂದರೂ 1,200 ವ್ಯಾಟ್ ಕೈಗೆ ಬರುತ್ತದೆ. ವಾಲ್ವಿನ ಗದ್ದಲವೂ ಹೋಗುತ್ತದೆ. ಹರಿವು ಹಗಲು ರಾತ್ರಿ ಏರಿಳಿಯುವ ಕಡೆ ಇದು ಕಷ್ಟ, ವಾಲ್ವನ್ನು ಬೈಪಾಸಿನಲ್ಲಿ ಉಳಿಸಿಕೊಳ್ಳಲೇಬೇಕು, ಮತ್ತು ಟರ್ಬೈನಿಗೂ ತನ್ನದೇ ಲಯ ಇದೆ ಅನ್ನೋದನ್ನು ಮರೆಯಬಾರದು. ಬಂಡವಾಳ ಎಲ್ಲಕ್ಕಿಂತ ಜಾಸ್ತಿ. ಆದರೆ ಖರ್ಚನ್ನು ಕರೆಂಟಿನಿಂದಲೇ ತೀರಿಸಬಲ್ಲ ಆಯ್ಕೆ ಇದೊಂದೇ.

ಹಾಗಾದರೆ ಯಾರಿಗೆ ಯಾವುದು?

ಕವಲುಗಳಲ್ಲಿ ಬಿರುಕು ಕಂಡಿದೆ, ಕೈಯಲ್ಲಿ ಹಣ ಕಡಿಮೆ: ಆಸರೆ ಪಟ್ಟಿ, ಕ್ಲ್ಯಾಂಪ್, ಇವತ್ತೇ. ವೇಗ ಬದಲಾಗುವ ಪಂಪ್ ಇದ್ದು ಹತ್ತಿರ ಕಂಬವಿದ್ದರೆ ವಿಸ್ಕಸ್ ಡ್ಯಾಂಪರ್. ಕರೆಂಟ್ ತಂತಿ ತಲುಪದ ಜಾಗದಲ್ಲಿ ಉದ್ದ ಪೈಪ್, ಸ್ಥಿರ ಲಯ, ಅನುರಣನ ಖಚಿತ, ಜತೆಗೆ ಸೆನ್ಸರ್ ಬೇಕು ಅಂದರೆ ಎರಡೂ ಕೆಲಸದ ಅಯಸ್ಕಾಂತದ ತೂಕ. ಅಲ್ಲಿ ಅದಕ್ಕೆ ಸಾಟಿಯಿಲ್ಲ. ಪೈಪ್ ಅಪಾಯದ ಮಟ್ಟಕ್ಕಿಂತ ಕೆಳಗೆ ಸದಾ ಒಂದೇ ಲಯದಲ್ಲಿ ಅದುರುತ್ತಿದ್ದು, ನೂರಾರು ಸೆನ್ಸರುಗಳ ಬ್ಯಾಟರಿ ಬದಲಿಸಿ ಸಾಕಾಗಿದ್ದರೆ ಬರೀ ಹಾರ್ವೆಸ್ಟರ್. ಎರಡು ಸಾಧನ ಬೇರೆ ಬೇರೆ ಕೊಂಡರೂ ತಪ್ಪಿಲ್ಲ: ಮೊದಲು ತಗ್ಗಿಸಿ, ಉಳಿದ ಕಂಪನ ಅಳೆದು, ಆ ಅಳತೆಗೆ ಹಾರ್ವೆಸ್ಟರ್ ಆರಿಸಿ. ಕ್ರಮ ತಿರುವುಮುರುವಾದರೆ ಹಾರ್ವೆಸ್ಟರ್ ತನ್ನ ಆಹಾರ ಕಳೆದುಕೊಂಡು ಕೂರುತ್ತದೆ.

ಮಾರುವವರನ್ನು ನಾಲ್ಕು ಕೇಳಿ. ಈ ಮಿಲಿವ್ಯಾಟ್ ಯಾವ ಲಯದಲ್ಲಿ, ಯಾವ ವೇಗೋತ್ಕರ್ಷದಲ್ಲಿ ಬಂದದ್ದು? ಲಯ 2 ಶೇಕಡಾ ಜರುಗಿದರೆ ಎಷ್ಟು ಉಳಿಯುತ್ತದೆ? ಲೋಡ್ ಕಳಚಿದರೆ ಡ್ಯಾಂಪಿಂಗ್ ಏನಾಗುತ್ತದೆ? ಸ್ಫೋಟಕ ಅನಿಲವಿರುವ ಕಡೆ ಬಳಸಲು ಬೇಕಾದ ಅಟೆಕ್ಸ್ ಅಥವಾ ಐಇಸಿಇಎಕ್ಸ್ ಪ್ರಮಾಣಪತ್ರ ಇದೆಯಾ? "ಇಷ್ಟರವರೆಗೆ ಬರುತ್ತದೆ" ಅನ್ನೋ ಉತ್ತರವನ್ನು ಉತ್ತರ ಅಂತ ತೆಗೆದುಕೊಳ್ಳಬೇಡಿ, ಗ್ರಾಫ್ ಕೇಳಿ.

ಕೂರಿಸಿದ ಮೇಲೆ ಅಳತೆಯನ್ನು ಅದೇ ಜಾಗದಲ್ಲಿ ಮಾತ್ರ ತೆಗೆಯಬೇಡಿ. ಎರಡೂ ಪಕ್ಕದ ಸ್ಪ್ಯಾನುಗಳಲ್ಲೂ (ಆಧಾರಗಳ ನಡುವಿನ ತುಂಡುಗಳಲ್ಲೂ), ಹತ್ತಿರದ ಎಲ್ಲ ಸಣ್ಣ ಕವಲುಗಳ ತುದಿಯಲ್ಲೂ, ಪಂಪಿನ ಕನಿಷ್ಠ ಮತ್ತು ಗರಿಷ್ಠ ಲೋಡಿನಲ್ಲೂ ತೆಗೆಯಿರಿ. ಒಂದು ಕಡೆ ಬಿಗಿ ಮಾಡಿದಾಗ ಕಂಪನ ಪಕ್ಕಕ್ಕೆ ಸರಿದು ಕೂರುವುದು ಪೈಪುಗಳಲ್ಲಿ ಹೊಸದೇನಲ್ಲ.